ರೊಡಾಲ್ಫ್ ಟೋಪ್ಫರ್

ರೊಡಾಲ್ಫ್ ಟೋಪ್ಫರ್ (31 ಜನವರಿ 1799 – 8 ಜೂನ್ 1846) ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಅಧ್ಯಾಪಕ, ಫ್ರೆಂಚ್ ಭಾಷೆಯ ಕಥೆಗಾರ ಮತ್ತು ಚಿತ್ರಕಾರ. ಚೌಕಟ್ಟುಗಳಲ್ಲಿ ಬಿಡಿಸಿದ ಚಿತ್ರಗಳ ಸರಣಿಯನ್ನೂ ಅವುಗಳ ಕೆಳಗೆ ಕೈಬರಹದಲ್ಲಿ ಬರೆದ ವಾಕ್ಯಗಳನ್ನೂ ಹೆಣೆದು ಕಥೆ ಹೇಳುವ ಪುಸ್ತಕಗಳನ್ನು ಈತ 1827ರಿಂದ ರಚಿಸಿದ. ಇಂದು ಕಾಮಿಕ್ಸ್, ಗ್ರಾಫಿಕ್ ಕಾದಂಬರಿ ಎಂದು ಕರೆಯಲಾಗುವ ಪ್ರಕಾರದ ಜನಕನೆಂದು ಅನೇಕ ವಿದ್ವಾಂಸರು ಈತನನ್ನು ಪರಿಗಣಿಸುತ್ತಾರೆ. ಇಂಥ ಪುಸ್ತಕಗಳು ಸಾಹಿತ್ಯವೆನಿಸಿಕೊಳ್ಳುತ್ತವೆಯೇ ಎಂಬ ಪ್ರಶ್ನೆಯನ್ನು ಎತ್ತಿ, ಅದಕ್ಕೆ ಬರಹರೂಪದಲ್ಲಿ ಉತ್ತರಿಸಿದ ಮೊದಲಿಗರಲ್ಲಿಯೂ ಈತನೊಬ್ಬ. ಸ್ವತಃ ಸಾಹಿತ್ಯದ ಪ್ರಾಧ್ಯಾಪಕನಾಗಿದ್ದ ಟೋಪ್ಫರ್ ತನ್ನ ಚಿತ್ರಕಥೆಗಳನ್ನು ಅಚ್ಚಿಗೆ ಕೊಡಲು ಹಲವು ವರ್ಷ ಹಿಂಜರಿದನೆಂಬುದು ಈ ಪ್ರಶ್ನೆಯ ತೂಕವನ್ನು ತೋರಿಸುತ್ತದೆ.

ಕನ್ನಡದಲ್ಲಿ ಚಿತ್ರಕಥೆ ಎಂಬ ಮಾತಿಗೆ ಚಲನಚಿತ್ರಕ್ಕಾಗಿ ಸಿದ್ಧಪಡಿಸಿದ ಕಥಾರೂಪ ಎಂಬ ಅರ್ಥವೂ ಇದೆ. ಈ ಲೇಖನದಲ್ಲಿ ಅದನ್ನು ಚಿತ್ರಗಳ ಮೂಲಕ ಹೇಳಿದ ಕಥೆ ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ.

ಜನನ ಮತ್ತು ಮನೆತನ

ಟೋಪ್ಫರ್ ಹುಟ್ಟಿದಾಗ ಜಿನೀವಾ ಸ್ವತಂತ್ರವಾಗಿರಲಿಲ್ಲ. ಹಿಂದಿನ ವರ್ಷವಷ್ಟೇ, ಅಂದರೆ 1798ರಲ್ಲಿ, ಫ್ರಾನ್ಸ್ ಆ ಪುಟ್ಟ ಗಣರಾಜ್ಯವನ್ನು ವಶಪಡಿಸಿಕೊಂಡಿತ್ತು. ನೆಪೋಲಿಯನ್ನನ ಪತನದ ಅನಂತರ, 1815ರಲ್ಲಿ, ಜಿನೀವಾ ಸ್ವಿಸ್ ಒಕ್ಕೂಟವನ್ನು ಸೇರಿತು. ಹೀಗೆ ಈತನ ಬಾಲ್ಯ ಫ್ರೆಂಚ್ ಆಡಳಿತದಲ್ಲಿಯೂ ಯೌವನ ಸ್ವಿಸ್ ಒಕ್ಕೂಟದಲ್ಲಿಯೂ ಕಳೆಯಿತು.

ತಂದೆ ವೋಲ್ಫ್‌ಗಾಂಗ್ ಆಡಂ ಟೋಪ್ಫರ್ (1766–1847) ಭೂದೃಶ್ಯಗಳಿಗೂ ಹಳ್ಳಿಯ ಜನಜೀವನದ ಚಿತ್ರಗಳಿಗೂ ಹೆಸರಾದ ಕಲಾವಿದ. ಮನೆತನ ಜರ್ಮನ್ ಮೂಲದ್ದು. ಆತ ಊರಿನ ರಾಜಕೀಯವನ್ನು ಗೇಲಿ ಮಾಡುವ ವ್ಯಂಗ್ಯಚಿತ್ರಗಳನ್ನೂ ಬರೆಯುತ್ತಿದ್ದ. 1816ರಲ್ಲಿ ಇಂಗ್ಲೆಂಡಿಗೆ ಹೋಗಿಬಂದ ಮೇಲೆ ಅಲ್ಲಿನ ವ್ಯಂಗ್ಯಚಿತ್ರ ಪರಂಪರೆಯ ಬಗೆಗೆ ಆತನ ಆಸಕ್ತಿ ಹೆಚ್ಚಿತು. ಇಂಗ್ಲಿಷ್ ಚಿತ್ರಕಾರ ವಿಲಿಯಂ ಹೋಗಾರ್ತ್ ಹದಿನೆಂಟನೆಯ ಶತಮಾನದಲ್ಲಿ ಒಬ್ಬ ವ್ಯಕ್ತಿಯ ಏಳುಬೀಳನ್ನು ಸಾಲುಚಿತ್ರಗಳಲ್ಲಿ ತೋರಿಸಿ ಪ್ರಸಿದ್ಧನಾಗಿದ್ದ. ಮಗ ಮುಂದೆ ಹಿಡಿದ ದಾರಿಗೆ ಹೋಗಾರ್ತನ ಈ ಮಾದರಿ ಒಂದು ಮುಖ್ಯ ಪ್ರೇರಣೆಯಾಯಿತು.

ಕಣ್ಣಿನ ದೋಷ

ತಂದೆಯಂತೆ ವರ್ಣಚಿತ್ರಕಾರನಾಗಬೇಕೆಂಬುದು ರೊಡಾಲ್ಫನ ಆಸೆಯಾಗಿತ್ತು. ಆದರೆ ಯೌವನದ ಹೊತ್ತಿಗೆ ಕಣ್ಣಿನ ದೋಷ ಕಾಣಿಸಿಕೊಂಡಿತು. 1819ರಲ್ಲಿ ಪ್ಯಾರಿಸಿಗೆ ಹೋಗಿ ಅಲ್ಲಿ ಕೆಲಕಾಲ ಅಧ್ಯಯನ ಮಾಡಿದ. ಕಣ್ಣಿಗೆ ಚಿಕಿತ್ಸೆಯನ್ನೂ ಅರಸಿದ. ಗುಣವಾಗುವ ಭರವಸೆ ದೊರೆಯಲಿಲ್ಲ. ಬಣ್ಣಗಳ ಸೂಕ್ಷ್ಮ ಕೆಲಸವನ್ನು ಜೀವನೋಪಾಯವಾಗಿ ಕೈಗೊಳ್ಳುವುದು ಅಸಾಧ್ಯವೆಂದು ತಿಳಿದು 1820ರಲ್ಲಿ ಊರಿಗೆ ಮರಳಿದ. ಈ ನಿರಾಶೆ ಈತನನ್ನು ಕೊನೆಯವರೆಗೂ ಬಿಡಲಿಲ್ಲ. ಮುಂದೆ ಬರೆದ ಕಥೆಗಳಲ್ಲಿಯೂ ಕಲೆಯನ್ನು ಕುರಿತ ಪ್ರಬಂಧಗಳಲ್ಲಿಯೂ ಚಿತ್ರಕಾರನಾಗಬಯಸುವ ಹುಡುಗ, ಚಿತ್ರಕಾರನ ಕಣ್ಣು, ಚಿತ್ರಕಾರನ ಮನಸ್ಸು ಮತ್ತೆ ಮತ್ತೆ ಬರುತ್ತವೆ.

ಬಣ್ಣ ಕೈತಪ್ಪಿದರೂ ರೇಖೆ ಉಳಿಯಿತು. ಗೆರೆಗಳಿಂದಷ್ಟೇ ಮೂಡುವ, ಬೇಗ ಬರೆದು ಮುಗಿಸಬಹುದಾದ ಚಿತ್ರಕ್ಕೆ ದೀರ್ಘಕಾಲ ಕಣ್ಣು ನೆಟ್ಟು ಕೂರುವ ಅಗತ್ಯವಿರಲಿಲ್ಲ. ಟೋಪ್ಫರ್ ಆರಿಸಿಕೊಂಡ ಶೈಲಿಗೆ ಈ ಅನಿವಾರ್ಯತೆಯೂ ಒಂದು ಕಾರಣವೆಂದು ಊಹಿಸಬಹುದಾದರೂ ಅದೊಂದೇ ಕಾರಣವಲ್ಲ. ಅವಸರದ ಗೆರೆಯಲ್ಲಿ ಪೂರ್ಣಗೊಳಿಸಿದ ಚಿತ್ರದಲ್ಲಿಲ್ಲದ ಜೀವವಿದೆಯೆಂದು ಈತ ಮುಂದೆ ಸಿದ್ಧಾಂತವಾಗಿಯೇ ವಾದಿಸಿದ.

ಅಧ್ಯಾಪನ

ಜಿನೀವಾದಲ್ಲಿ ಮೊದಲು ಒಂದು ವಸತಿಶಾಲೆಯಲ್ಲಿ ಅಧ್ಯಾಪಕನಾಗಿ ಕೆಲಸ ಮಾಡಿದ. 1823ರಲ್ಲಿ ಆನ್ ಫ್ರಾಂಸ್ವಾಜ಼್ ಮೂಲಿನಿಯೇ ಎಂಬಾಕೆಯನ್ನು ಮದುವೆಯಾದ. ಆಕೆ ತಂದ ಹಣದ ನೆರವಿನಿಂದ ಹುಡುಗರಿಗಾಗಿ ತನ್ನದೇ ವಸತಿಶಾಲೆಯನ್ನು ತೆರೆದ. ಬೇರೆ ಬೇರೆ ದೇಶಗಳ ಸ್ಥಿತಿವಂತರ ಮಕ್ಕಳು ಅಲ್ಲಿಗೆ ಬಂದು ಕಲಿತರು. ಗ್ರೀಕ್ ಭಾಷೆಯಲ್ಲಿ ಈತನಿಗೆ ಒಳ್ಳೆಯ ಪರಿಶ್ರಮವಿತ್ತು. ಡೆಮಾಸ್ತನೀಸನ ರಾಜಕೀಯ ಭಾಷಣಗಳ ಒಂದು ಆವೃತ್ತಿಯನ್ನು 1824ರಲ್ಲಿ ಸಂಪಾದಿಸಿ ಪ್ರಕಟಿಸಿದ. 1832ರಲ್ಲಿ ಜಿನೀವಾ ಅಕಾಡೆಮಿ (ಇಂದಿನ ಜಿನೀವಾ ವಿಶ್ವವಿದ್ಯಾಲಯ) ಈತನನ್ನು ಅಲಂಕಾರಶಾಸ್ತ್ರ ಮತ್ತು ಸಾಹಿತ್ಯದ ಪ್ರಾಧ್ಯಾಪಕನನ್ನಾಗಿ ನೇಮಿಸಿತು.

ಪ್ರತಿ ವರ್ಷ ಶಿಷ್ಯರ ತಂಡವನ್ನು ಕಟ್ಟಿಕೊಂಡು ಆಲ್ಪ್ಸ್ ಪರ್ವತಗಳಲ್ಲಿ ಕಾಲ್ನಡಿಗೆಯ ಪ್ರವಾಸ ಹೋಗುವುದು ಈ ಶಾಲೆಯ ವಿಶೇಷ. ಪತ್ನಿಯೂ ಈ ಪ್ರವಾಸಗಳಲ್ಲಿ ಜೊತೆಗೂಡುತ್ತಿದ್ದುದುಂಟು. ಮರಳಿ ಬಂದ ಮೇಲೆ ಟೋಪ್ಫರ್ ಪ್ರವಾಸದ ವೃತ್ತಾಂತವನ್ನು ಚಿತ್ರಗಳೊಂದಿಗೆ ಬರೆದು, ಕೆಲವೇ ಪ್ರತಿಗಳನ್ನು ತೆಗೆಸಿ ಹುಡುಗರಿಗೂ ಸ್ನೇಹಿತರಿಗೂ ಹಂಚುತ್ತಿದ್ದ. ಇವೇ ಮುಂದೆ ಅಂಕುಡೊಂಕು ಪ್ರವಾಸಗಳು ಎಂಬರ್ಥದ ಶೀರ್ಷಿಕೆಯಲ್ಲಿ 1844ರಲ್ಲಿ ಪ್ಯಾರಿಸಿನಲ್ಲಿ ದೊಡ್ಡ ಸಚಿತ್ರ ಗ್ರಂಥವಾಗಿ ಹೊರಬಂದು ಜನಪ್ರಿಯವಾದವು. ಎರಡನೆಯ ಸಂಪುಟ ಈತ ತೀರಿಕೊಂಡ ಮೇಲೆ, 1854ರಲ್ಲಿ, ಪ್ರಕಟವಾಯಿತು.

ಚಿತ್ರಕಥೆಗಳ ಹುಟ್ಟು

ಶಾಲೆಯ ಸಂಜೆಯ ಹೊತ್ತಿನಲ್ಲಿ, ಹುಡುಗರು ಸುತ್ತ ಕುಳಿತಿರುವಾಗ, ಅವರ ಮನರಂಜನೆಗೆಂದು ಟೋಪ್ಫರ್ ಕಥೆಗಳನ್ನು ಚಿತ್ರಿಸತೊಡಗಿದ. ಮೊದಲನೆಯದು 1827ರಲ್ಲಿ ರಚಿತವಾದ ಮೊಸ್ಯೂ ವ್ಯೂ ಬ್ವಾ. ಈ ಹೆಸರಿಗೆ ಹಳೆಯ ಮರ ಎಂಬ ಅರ್ಥ ಬರುತ್ತದೆ. ನಡುವಯಸ್ಸು ದಾಟಿದ ಈ ಮಹಾಶಯ ದಪ್ಪನೆಯ ಒಬ್ಬ ಹೆಂಗಸನ್ನು ಕಂಡು ಮೋಹಿತನಾಗುತ್ತಾನೆ. ಪ್ರೇಮ ಕೈಗೂಡದಾಗ ಸಾಯಲು ಹೊರಡುತ್ತಾನೆ. ಕತ್ತಿಯಿಂದ ಇರಿದುಕೊಂಡರೆ ಅದು ಕಂಕುಳ ಕೆಳಗಿನಿಂದ ಹಾದುಹೋಗುತ್ತದೆ; ಆದರೂ ತಾನು ಸತ್ತೆನೆಂದೇ ನಂಬಿ ಎರಡು ದಿನ ಬಿದ್ದಿರುತ್ತಾನೆ. ನೇಣು ಹಾಕಿಕೊಳ್ಳಹೊರಟಾಗ ಬೀದಿಯಲ್ಲಿ ಪ್ರಿಯೆಯ ದನಿ ಕೇಳಿಸಿ, ಹಗ್ಗ ಕಟ್ಟಿದ ತೊಲೆಯನ್ನೇ ಕಿತ್ತು ಎಳೆದುಕೊಂಡು ಓಡುತ್ತಾನೆ. ಪ್ರತಿ ಅವಾಂತರದ ಅನಂತರವೂ ಒಳಬಟ್ಟೆ ಬದಲಾಯಿಸುತ್ತಾನೆ. ಈ ಒಂದೇ ಕ್ರಿಯೆ ಹಾಡಿನ ಪಲ್ಲವಿಯಂತೆ ಕಥೆಯುದ್ದಕ್ಕೂ ಮರುಕಳಿಸುವುದೇ ಅದರ ಹಾಸ್ಯ. ಪ್ರೇಮಕ್ಕಾಗಿ ಸಾಯುವ ನಾಯಕರ ಕಥೆಗಳು ಆ ಕಾಲದ ರಮ್ಯ ಸಾಹಿತ್ಯದಲ್ಲಿ ಯಥೇಚ್ಛವಾಗಿದ್ದವು. ಅವುಗಳ ಗಾಂಭೀರ್ಯವನ್ನು ಸಾಹಿತ್ಯದ ಅಧ್ಯಾಪಕನೊಬ್ಬ ಗೆರೆಗಳಲ್ಲಿ ಅಣಕಿಸಿದನೆಂಬುದನ್ನು ಗಮನಿಸಬೇಕು.

ಮುಂದಿನ ನಾಲ್ಕೈದು ವರ್ಷಗಳಲ್ಲಿ ಇನ್ನೂ ಕೆಲವು ಕಥೆಗಳು ಸಿದ್ಧವಾದವು. ಡಾಕ್ಟರ್ ಫೆಸ್ತ್ಯೂಸ್ ಜ್ಞಾನಾರ್ಜನೆಗೆಂದು ಪ್ರವಾಸ ಹೊರಟು ಸುತ್ತಲೂ ನಡೆಯುವ ಯಾವುದನ್ನೂ ಅರಿಯದ ಪಂಡಿತನ ಕಥೆ. ಅದರಲ್ಲಿ ಬರುವ ಸಿಪಾಯಿಗಳು ಊರಿನ ಮುಖ್ಯಾಧಿಕಾರಿಯನ್ನಲ್ಲ, ಆತನ ಸಮವಸ್ತ್ರವನ್ನು ಹಿಂಬಾಲಿಸುತ್ತಾರೆ. ಅದನ್ನು ಯಾರು ತೊಟ್ಟಿದ್ದರೂ ಅವರಿಗೆ ಒಂದೇ. ಮೊಸ್ಯೂ ಝಾಬೋ ಮೇಲ್ವರ್ಗದವರ ನಡುವೆ ಸೇರಿಕೊಳ್ಳಲು ಹವಣಿಸುವ ಆಡಂಬರದವನನ್ನು ಕುರಿತದ್ದು. ಆತ ಎಡವಿದಾಗಲೆಲ್ಲ ಎದ್ದು ಮತ್ತೆ ಅದೇ ಠೀವಿಯ ಭಂಗಿಯಲ್ಲಿ ನಿಲ್ಲುತ್ತಾನೆ. ಮೊಸ್ಯೂ ಪೆನ್ಸಿಲ್ ಕಥೆ ಚಿತ್ರಕಾರನೊಬ್ಬನ ಹಾಳೆಯನ್ನು ಗಾಳಿ ಹಾರಿಸಿಕೊಂಡು ಹೋಗುವುದರಿಂದ ಆರಂಭವಾಗಿ, ದೇಶಗಳು ಯುದ್ಧದ ಅಂಚಿಗೆ ಬರುವವರೆಗೆ ಬೆಳೆಯುತ್ತದೆ. ಮೊಸ್ಯೂ ಕ್ರಿಪ್ತೊಗಾಮ್ ಚಿಟ್ಟೆ ಹಿಡಿಯುವ ಹವ್ಯಾಸಿಯೊಬ್ಬ ತನ್ನನ್ನು ಬಿಡದೆ ಬೆನ್ನಟ್ಟುವ ಪ್ರೇಯಸಿಯಿಂದ ತಪ್ಪಿಸಿಕೊಳ್ಳಲು ಕಡಲು ದಾಟುವ ಕಥೆ; ಅದರಲ್ಲಿ ತಿಮಿಂಗಿಲದ ಹೊಟ್ಟೆಯೂ ಒಂದು ತಂಗುದಾಣ.

ಈ ಆಲ್ಬಂಗಳೆಲ್ಲ ಅಡ್ಡಗಲದ ಆಕಾರದವು. ಒಂದು ಪುಟಕ್ಕೆ ಚಿತ್ರಗಳ ಒಂದೇ ಸಾಲು. ಆ ಸಾಲನ್ನು ಗೆರೆಗಳು ಚೌಕಟ್ಟುಗಳಾಗಿ ವಿಭಾಗಿಸುತ್ತವೆ. ಕೆಲವು ಪುಟಗಳಲ್ಲಿ ಒಂದೇ ಚೌಕಟ್ಟು, ಕೆಲವೆಡೆ ಐದಾರು. ಗಡಿಬಿಡಿಯ ಸನ್ನಿವೇಶ ಬಂದಾಗ ಚೌಕಟ್ಟುಗಳು ಕಿರಿದಾಗುತ್ತವೆ, ನಿಧಾನವಾದಾಗ ಅಗಲವಾಗುತ್ತವೆ. ಓದುಗನ ಕಣ್ಣಿನ ವೇಗವನ್ನು ಚೌಕಟ್ಟಿನ ಅಗಲದಿಂದ ನಿಯಂತ್ರಿಸುವ ಈ ತಂತ್ರವನ್ನು ಇಂದಿನ ಚಿತ್ರಕಥೆಗಾರರೂ ಬಳಸುತ್ತಾರೆ. ಹೋಗಾರ್ತನ ಸಾಲುಚಿತ್ರಗಳಲ್ಲಿ ಒಂದು ಚಿತ್ರಕ್ಕೂ ಮತ್ತೊಂದಕ್ಕೂ ತಿಂಗಳುಗಳ, ವರ್ಷಗಳ ಅಂತರವಿದ್ದರೆ, ಟೋಪ್ಫರನಲ್ಲಿ ಅದು ಕೆಲವೊಮ್ಮೆ ಒಂದು ಕ್ಷಣ ಮಾತ್ರ. ಇಬ್ಬರ ನಡುವಿನ ಮುಖ್ಯ ವ್ಯತ್ಯಾಸ ಇಲ್ಲಿಯೇ ಇದೆ.

ಗಯಟೆಯ ಮೆಚ್ಚುಗೆ

ಈ ಹಸ್ತಪ್ರತಿಗಳು ಬಹುಕಾಲ ಮಿತ್ರವಲಯದಲ್ಲಿ ಮಾತ್ರ ಕೈಬದಲಾಯಿಸುತ್ತಿದ್ದವು. ಅವುಗಳ ಹಣೆಬರಹವನ್ನು ಬದಲಿಸಿದವನು ಜಿನೀವಾದವನೇ ಆದ ಫ್ರೆಡರಿಕ್ ಸೊರೆ. ಆತ ಜರ್ಮನಿಯ ವೈಮಾರ್ ಆಸ್ಥಾನದಲ್ಲಿ ರಾಜಕುಮಾರನಿಗೆ ಪಾಠ ಹೇಳುತ್ತಿದ್ದ. ಕವಿ ಗಯಟೆಗೆ ಪರಿಚಿತನಾಗಿದ್ದ. ಟೋಪ್ಫರನ ಕೆಲವು ಆಲ್ಬಂಗಳನ್ನು ಆತ ಮುದಿ ಕವಿಗೆ ತೋರಿಸಿದ. ಗಯಟೆಗೆ ಆಗ ಎಂಬತ್ತೊಂದು ವರ್ಷ. ಮಗನನ್ನು ಕಳೆದುಕೊಂಡು ಹೆಚ್ಚು ಕಾಲವಾಗಿರಲಿಲ್ಲ. ಸಾಮಾನ್ಯವಾಗಿ ವ್ಯಂಗ್ಯಚಿತ್ರಗಳನ್ನು ಇಷ್ಟಪಡದ ಆತ ಇವುಗಳನ್ನು ಬಹಳವಾಗಿ ಮೆಚ್ಚಿಕೊಂಡ. ಒಮ್ಮೆಗೇ ಹೆಚ್ಚು ಓದಿದರೆ ಕಲ್ಪನೆಗಳ ಅಜೀರ್ಣವಾದೀತೆಂದು ಹತ್ತು ಹತ್ತು ಪುಟಗಳಂತೆ ನೋಡುತ್ತಿದ್ದನೆಂದು ವೈಮಾರಿನ ದಾಖಲೆಗಳು ತಿಳಿಸುತ್ತವೆ. ಇಷ್ಟು ಹಗುರವಲ್ಲದ ವಸ್ತುವನ್ನು ಆರಿಸಿಕೊಂಡು ಇನ್ನಷ್ಟು ಸಂಯಮದಿಂದ ದುಡಿದರೆ ಈತ ಊಹೆಗೂ ಮೀರಿದ್ದನ್ನು ಸಾಧಿಸಬಲ್ಲನೆಂಬುದು ಕವಿಯ ಅಭಿಪ್ರಾಯವಾಗಿತ್ತು. 1831ರ ಜನವರಿಯ ಈ ಪ್ರಸಂಗವನ್ನು ಗಯಟೆಯ ಕಾರ್ಯದರ್ಶಿ ಎಕರ್ಮನ್‌ನ ಸಂಭಾಷಣೆಗಳ ಗ್ರಂಥದಲ್ಲಿಯೂ ಕಾಣಬಹುದು.

ಗಯಟೆ 1832ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡ. ಯುರೋಪಿನ ಅತ್ಯಂತ ಗೌರವಾನ್ವಿತ ಸಾಹಿತಿಯ ಈ ಮೆಚ್ಚುಗೆ ಟೋಪ್ಫರನಿಗೆ ಪ್ರಕಟಣೆಯ ಧೈರ್ಯವನ್ನು ಕೊಟ್ಟಿತೆಂದು ಜೀವನಚರಿತ್ರೆಕಾರರು ಒಪ್ಪುತ್ತಾರೆ. ಆ ಮೆಚ್ಚುಗೆಯಲ್ಲಿಯೇ ಒಂದು ಷರತ್ತು ಅಡಗಿತ್ತೆಂಬುದನ್ನು ಮಾತ್ರ ಅನೇಕ ಬರಹಗಳು ಬಿಟ್ಟುಬಿಡುತ್ತವೆ. ಚಿತ್ರಕಥೆ ದೊಡ್ಡದಾಗಬೇಕಾದರೆ ವಸ್ತು ಗಂಭೀರವಾಗಬೇಕೆಂಬ ಈ ನಿರೀಕ್ಷೆ ಮುಂದಿನ ನೂರೈವತ್ತು ವರ್ಷ ಆ ಪ್ರಕಾರವನ್ನು ಹಿಂಬಾಲಿಸಿತು.

ಪ್ರಕಟಣೆ ಮತ್ತು ಹಿಂಜರಿಕೆ

ಮೊಸ್ಯೂ ಝಾಬೋ 1833ರಲ್ಲಿ ಅಚ್ಚಾಯಿತು. ಆದರೆ ಟೋಪ್ಫರ್ ಪ್ರತಿಗಳನ್ನು 1835ರವರೆಗೆ ಹೊರಗೆ ಬಿಡಲಿಲ್ಲ. ಪುಸ್ತಕದ ಮೇಲೆ ಪೂರ್ಣ ಹೆಸರನ್ನೂ ಹಾಕಲಿಲ್ಲ. ಅಕಾಡೆಮಿಯ ಪೀಠಕ್ಕೆ ಆಗಷ್ಟೇ ನೇಮಕಗೊಂಡಿದ್ದವನಿಗೆ ತನ್ನ ಹೆಸರು ಇಂಥ ಹುಡುಗಾಟಿಕೆಯೊಂದಿಗೆ ಸೇರಿಕೊಳ್ಳುವುದು ಅಪಾಯಕರವಾಗಿ ಕಂಡಿತು. ಕಾಲ್ವಿನ್ ಮತದ ಶಿಸ್ತಿನಲ್ಲಿ ಬೆಳೆದ ಜಿನೀವಾದಲ್ಲಿ ಪ್ರಾಧ್ಯಾಪಕನೊಬ್ಬನ ಘನತೆ ಸಣ್ಣ ವಿಷಯವಾಗಿರಲಿಲ್ಲ. 1837ರಲ್ಲಿ ಮೊಸ್ಯೂ ಕ್ರೆಪ್ಯಾಂ ಮತ್ತು ಮೊಸ್ಯೂ ವ್ಯೂ ಬ್ವಾ, 1840ರಲ್ಲಿ ಡಾಕ್ಟರ್ ಫೆಸ್ತ್ಯೂಸ್ ಮತ್ತು ಮೊಸ್ಯೂ ಪೆನ್ಸಿಲ್ ಹೊರಬಂದವು.

ಇವುಗಳಲ್ಲಿ ಮೊಸ್ಯೂ ಕ್ರೆಪ್ಯಾಂ ಅಧ್ಯಾಪಕ ಟೋಪ್ಫರನ ಅನುಭವದಿಂದ ನೇರವಾಗಿ ಬಂದದ್ದು. ಹನ್ನೊಂದು ಗಂಡುಮಕ್ಕಳ ತಂದೆಯಾದ ಕ್ರೆಪ್ಯಾಂ ಅವರಿಗಾಗಿ ಒಬ್ಬರಾದ ಮೇಲೊಬ್ಬರಂತೆ ಶಿಕ್ಷಕರನ್ನು ನೇಮಿಸುತ್ತಾನೆ. ಪ್ರತಿಯೊಬ್ಬನಿಗೂ ತನ್ನದೇ ಒಂದು ಬೋಧನಾ ಸಿದ್ಧಾಂತ. ಮಕ್ಕಳು ಮಾತ್ರ ಏನನ್ನೂ ಕಲಿಯುವುದಿಲ್ಲ. ತಲೆಬುರುಡೆಯ ಉಬ್ಬುತಗ್ಗುಗಳನ್ನು ಮುಟ್ಟಿ ನೋಡಿ ಸ್ವಭಾವವನ್ನು ಹೇಳುವ ಕಪಾಲಶಾಸ್ತ್ರ ಆಗ ವಿಜ್ಞಾನದ ಹೆಸರಿನಲ್ಲಿ ಯುರೋಪನ್ನು ಆವರಿಸಿತ್ತು. ಅದನ್ನೂ ಈ ಕಥೆ ಬಿಡದೆ ಗೇಲಿ ಮಾಡುತ್ತದೆ.

ಮುದ್ರಣಕ್ಕೆ ಟೋಪ್ಫರ್ ಬಳಸಿದ ವಿಧಾನವನ್ನು ಇಲ್ಲಿ ವಿವರಿಸುವುದು ಅಗತ್ಯ. ಸಾಮಾನ್ಯ ಕಲ್ಲಚ್ಚಿನಲ್ಲಿ ಕಲಾವಿದ ಕಲ್ಲಿನ ಮೇಲೆಯೇ ಚಿತ್ರ ಬರೆಯಬೇಕು. ಅಚ್ಚಾದಾಗ ಅದು ಎಡಬಲ ತಿರುಗುವುದರಿಂದ ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ಹಿಂದುಮುಂದಾಗಿ ಬರೆಯಬೇಕಾಗುತ್ತದೆ. ಟೋಪ್ಫರ್ ಇದರ ಬದಲು ವಿಶೇಷವಾಗಿ ಸಿದ್ಧಪಡಿಸಿದ ಕಾಗದದ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು, ಅದನ್ನು ಕಲ್ಲಿಗೆ ಒತ್ತಿ ವರ್ಗಾಯಿಸಿ ಅಚ್ಚು ಹಾಕಿಸುತ್ತಿದ್ದ. ಇದರಿಂದ ಚಿತ್ರ ಮತ್ತು ಅಕ್ಷರ ಎರಡನ್ನೂ ಒಂದೇ ಲೇಖನಿಯಲ್ಲಿ, ಒಂದೇ ಓಟದಲ್ಲಿ, ಪತ್ರ ಬರೆಯುವಷ್ಟು ಸರಾಗವಾಗಿ ಬರೆಯುವುದು ಸಾಧ್ಯವಾಯಿತು. ಕೆತ್ತನೆಗಾರನ ಮಧ್ಯಸ್ಥಿಕೆ ತಪ್ಪಿತು. ಚಿತ್ರದ ಗೆರೆಗೂ ಕೈಬರಹದ ಗೆರೆಗೂ ನಡುವಿನ ಭೇದ ಬಹುಮಟ್ಟಿಗೆ ಅಳಿಸಿಹೋದ ಈ ಪುಟಗಳಲ್ಲಿ ಚಿತ್ರವೂ ಒಂದು ಬಗೆಯ ಬರವಣಿಗೆಯೇ ಆಗಿದೆ. ಟೋಪ್ಫರನ ಕಥೆಗಳನ್ನು ಸಾಹಿತ್ಯವೆಂದು ವಾದಿಸುವವರಿಗೆ ಇದಕ್ಕಿಂತ ಬಲವಾದ ಆಧಾರ ಬೇರೆ ಸಿಗಲಾರದು.

ಆಲ್ಬಂಗಳು ಜನಪ್ರಿಯವಾದ ಕೂಡಲೇ ಕಳ್ಳ ಮುದ್ರಣಗಳೂ ಬಂದವು. ಪ್ಯಾರಿಸಿನ ಓಬೇರ್ ಪ್ರಕಾಶನ 1839ರಲ್ಲಿ ಮೂರು ಕಥೆಗಳನ್ನು ನಕಲು ಮಾಡಿ ಮಾರಿತು. ದೇಶದೇಶಗಳ ನಡುವೆ ಗ್ರಂಥಸ್ವಾಮ್ಯದ ಸಾಮಾನ್ಯ ಒಪ್ಪಂದ ಆಗ ಇರಲಿಲ್ಲ; ಅದು ಏರ್ಪಟ್ಟದ್ದು 1886ರಲ್ಲಿ, ಟೋಪ್ಫರನ ದೇಶದ್ದೇ ಆದ ಬರ್ನ್ ನಗರದಲ್ಲಿ. ನಕಲುಗಳಿಗೆ ಉತ್ತರವಾಗಿ ಈತ ಅದೇ ವರ್ಷ ವ್ಯೂ ಬ್ವಾ ಕಥೆಯನ್ನು ಪುನಃ ಬರೆದು ಎರಡನೆಯ ಆವೃತ್ತಿಯನ್ನು ಹೊರತಂದ. 1841ರಲ್ಲಿ ಲಂಡನ್ನಿನಲ್ಲಿ ಈ ಕಥೆ ಒಬದಾಯ ಓಲ್ಡ್‌ಬಕ್ ಎಂಬ ಹೆಸರಿನಿಂದ ಇಂಗ್ಲಿಷಿಗೆ ಬಂತು. ಮರುವರ್ಷ ಸೆಪ್ಟೆಂಬರ್ 14ರಂದು ನ್ಯೂಯಾರ್ಕಿನ ಬ್ರದರ್ ಜೊನಾಥನ್ ಪತ್ರಿಕೆ ಅದನ್ನು ವಿಶೇಷ ಪುರವಣಿಯಾಗಿ ಪ್ರಕಟಿಸಿತು. ಅಮೆರಿಕದಲ್ಲಿ ಪ್ರಕಟವಾದ ಮೊದಲ ಕಾಮಿಕ್ ಪುಸ್ತಕವೆಂದು ಇದನ್ನು ಇಂದು ಸಂಗ್ರಾಹಕರು ಗುರುತಿಸುತ್ತಾರೆ. ಅದರಲ್ಲಿ ಟೋಪ್ಫರನ ಹೆಸರಿರಲಿಲ್ಲ.

ಗದ್ಯ ಕೃತಿಗಳು

ಜೀವಿತಕಾಲದಲ್ಲಿ ಟೋಪ್ಫರನಿಗೆ ಸಾಹಿತಿಯೆಂಬ ಮನ್ನಣೆ ದೊರೆತದ್ದು ಗದ್ಯದಿಂದ. ಸೋದರಮಾವನ ಅಥವಾ ಚಿಕ್ಕಪ್ಪನ ಗ್ರಂಥಾಲಯ ಎಂದು ಅನುವಾದಿಸಬಹುದಾದ (ಫ್ರೆಂಚಿನಲ್ಲಿ ಎರಡು ಸಂಬಂಧಕ್ಕೂ ಒಂದೇ ಪದ) 1832ರ ಕಥೆ ಇವುಗಳಲ್ಲಿ ಪ್ರಸಿದ್ಧ. ಪುಸ್ತಕಗಳ ನಡುವೆಯೇ ಬದುಕುವ ವಿದ್ವಾಂಸನ ಆಶ್ರಯದಲ್ಲಿ ಬೆಳೆಯುವ ಜ್ಯೂಲ್ ಎಂಬ ಅನಾಥ ಹುಡುಗ ಇದರ ನಿರೂಪಕ. ಮನೆಪಾಠ ಹೇಳಲು ಬರುವ ರಾತ್ಯಾಂ ಎಂಬ ಕಟ್ಟುನಿಟ್ಟಿನ ಗುರುವಿನ ಮೂಗಿನ ಮೇಲಿನ ನರೂಲಿಯನ್ನು ನೋಡಿ ನಗುತ್ತಾ, ಕಿಟಕಿಯಲ್ಲಿ ಬೀದಿಯನ್ನು ನೋಡುತ್ತಾ ಹುಡುಗ ಕಲಿಯುವುದು ಪಾಠಪಟ್ಟಿಯಲ್ಲಿರುವುದಕ್ಕಿಂತ ಹೆಚ್ಚು. ಕೊನೆಗೆ ಆತ ಚಿತ್ರಕಲೆಯನ್ನು ಹಿಡಿಯುತ್ತಾನೆ. ಸುಮ್ಮನೆ ಕುಳಿತು ನೋಡುವುದು ಕೂಡ ಓದಿನಂತೆಯೇ ಮನಸ್ಸನ್ನು ಬೆಳೆಸುತ್ತದೆ ಎಂಬ ಭಾವ ಈ ಕಥೆಯ ಉದ್ದಕ್ಕೂ ಹರಿಯುತ್ತದೆ. ಚಿತ್ರಕಥೆಗಳನ್ನು ಕುರಿತ ಈತನ ನಿಲುವಿನ ಬೇರು ಇದರಲ್ಲಿದೆಯೆಂದು ಹೇಳಿದರೆ ತಪ್ಪಾಗದು.

1839ರಲ್ಲಿ ಪ್ರೆಸ್ಬಿತೇರ್ ಎಂಬ ಪತ್ರರೂಪದ ಕಾದಂಬರಿ ಹೊರಬಂತು. ಆಗಿನ ಹಿರಿಯ ಲೇಖಕ ಸಾವಿಯೇ ದ ಮೇಸ್ತ್ರ್ ತನ್ನಿಂದ ಹೊಸ ಕೃತಿ ಕೇಳಿದ ಪ್ಯಾರಿಸಿನ ಪ್ರಕಾಶಕ ಶಾರ್ಪಾಂತಿಯೇಗೆ ತನ್ನ ಬದಲು ಟೋಪ್ಫರನ ಹೆಸರನ್ನು ಸೂಚಿಸಿದ. ಅದರ ಫಲವಾಗಿ 1841ರಲ್ಲಿ ಜಿನೀವಾದ ಕಥೆಗಳು ಎಂಬ ಸಂಕಲನ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಅದೇ ವರ್ಷ ಖ್ಯಾತ ವಿಮರ್ಶಕ ಸೇಂಟ್-ಬವ್ ಈತನನ್ನು ಕುರಿತು ವಿಸ್ತಾರವಾದ ಲೇಖನ ಬರೆದ. ಫ್ರೆಂಚ್ ಸಾಹಿತ್ಯಲೋಕಕ್ಕೆ ಟೋಪ್ಫರ್ ಪರಿಚಯವಾದದ್ದು ಹೀಗೆ, ಕಥೆಗಾರನಾಗಿ. ಹತ್ತೊಂಬತ್ತನೆಯ ಶತಮಾನದ ಉಳಿದ ಭಾಗದಲ್ಲಿ ಶಾಲೆಗಳಲ್ಲಿಯೂ ಮನೆಗಳಲ್ಲಿಯೂ ಓದಿಸಿಕೊಂಡ ಈ ಗದ್ಯ ಇಂದು ಬಹುಮಟ್ಟಿಗೆ ಸಂಶೋಧಕರಿಗೆ ಸೀಮಿತವಾಗಿದೆ. ಮರೆಮಾಚಿದ ಆಲ್ಬಂಗಳೇ ಉಳಿದುಕೊಂಡಿವೆ.

ಮುಖಲಕ್ಷಣ ಕುರಿತ ಪ್ರಬಂಧ

ಝಾಬೋ ಆಲ್ಬಂನ ಸ್ವರೂಪವನ್ನು ವಿವರಿಸುತ್ತ 1837ರಲ್ಲಿ ಜಿನೀವಾದ ವಿದ್ವತ್ಪತ್ರಿಕೆಯಲ್ಲಿ ಟೋಪ್ಫರ್ ಒಂದು ಟಿಪ್ಪಣಿ ಬರೆದ. ಈ ಪುಸ್ತಕ ಮಿಶ್ರ ಸ್ವಭಾವದ್ದು. ಕೆಳಗಿನ ಬರಹವಿಲ್ಲದಿದ್ದರೆ ಚಿತ್ರಗಳ ಅರ್ಥ ಮಸುಕಾಗುತ್ತದೆ, ಚಿತ್ರಗಳಿಲ್ಲದಿದ್ದರೆ ಬರಹಕ್ಕೆ ಅರ್ಥವೇ ಇರುವುದಿಲ್ಲ. ಎರಡೂ ಸೇರಿದಾಗ ಒಂದು ಬಗೆಯ ಕಾದಂಬರಿಯಾಗುತ್ತದೆ ಎಂಬುದು ಅದರ ಸಾರ. ಸಚಿತ್ರ ಪುಸ್ತಕಕ್ಕೂ ಚಿತ್ರಕಥೆಗೂ ಇರುವ ಭೇದವನ್ನು ಇಷ್ಟು ಸ್ಪಷ್ಟವಾಗಿ ಅದಕ್ಕೆ ಮುಂಚೆ ಯಾರೂ ಗುರುತಿಸಿದಂತಿಲ್ಲ. ಕಥೆಯ ಪುಸ್ತಕದಿಂದ ಚಿತ್ರಗಳನ್ನು ತೆಗೆದುಹಾಕಿದರೆ ಕಥೆ ಉಳಿಯುತ್ತದೆ. ಟೋಪ್ಫರನ ಆಲ್ಬಂನಿಂದ ತೆಗೆದರೆ ಏನೂ ಉಳಿಯುವುದಿಲ್ಲ.

ಈ ವಿಚಾರ ಪೂರ್ಣ ರೂಪ ಪಡೆದದ್ದು 1845ರಲ್ಲಿ ಪ್ರಕಟವಾದ ಮುಖಲಕ್ಷಣಶಾಸ್ತ್ರವನ್ನು ಕುರಿತ ಪ್ರಬಂಧದಲ್ಲಿ. ಕಥೆಯನ್ನು ಎರಡು ರೀತಿಯಲ್ಲಿ ಬರೆಯಬಹುದೆಂದು ಟೋಪ್ಫರ್ ಆರಂಭದಲ್ಲಿಯೇ ಹೇಳುತ್ತಾನೆ: ಅಧ್ಯಾಯ, ಸಾಲು, ಪದಗಳಿಂದ ಬರೆಯುವುದು ಒಂದು, ದೃಶ್ಯಗಳ ಸರಣಿಯನ್ನು ಚಿತ್ರಿಸುವುದು ಇನ್ನೊಂದು. ಮೊದಲನೆಯದು ರೂಢಿಯ ಸಾಹಿತ್ಯ, ಎರಡನೆಯದು ಅಚ್ಚುಚಿತ್ರಗಳ ಸಾಹಿತ್ಯ. ವಿಮರ್ಶಕರು ಈ ಎರಡನೆಯದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಪಂಡಿತರಿಗೆ ಅದರ ಅರಿವೇ ಇರುವುದಿಲ್ಲ. ಆದರೆ ಓದುವವರಿಗಿಂತ ನೋಡುವವರ ಸಂಖ್ಯೆ ದೊಡ್ಡದಾದ್ದರಿಂದ ಅದರ ಪ್ರಭಾವ ಎಲ್ಲ ಕಾಲದಲ್ಲಿಯೂ ಬಲವಾದದ್ದು ಎಂದು ವಾದಿಸುತ್ತಾನೆ. ವಿಶೇಷವಾಗಿ ಮಕ್ಕಳನ್ನೂ ಜನಸಾಮಾನ್ಯರನ್ನೂ ಅದು ತಲುಪುತ್ತದೆ. ಅವರನ್ನು ಕೆಡಿಸುವುದೂ ಸುಲಭ, ತಿದ್ದುವುದೂ ಅಗತ್ಯ ಎಂಬುದು ಈತನ ನಂಬಿಕೆ. ಈ ಕೊನೆಯ ಮಾತಿನಲ್ಲಿ ಜನರನ್ನು ಮೇಲಿನಿಂದ ನೋಡುವ ಶಾಲಾಮಾಸ್ತರನ ಧಾಟಿ ಇದೆಯೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅಕ್ಷರ ಬಲ್ಲವರು ಕಡಿಮೆಯಿದ್ದ ಕಾಲದಲ್ಲಿ ಚಿತ್ರಕಥೆಯನ್ನು ಓದಿನ ಅಗ್ಗದ ಬದಲಿಯೆಂದು ತಳ್ಳದೆ, ಅದೇ ಒಂದು ಓದೆಂದು ಆತ ಎಣಿಸಿದ್ದು ಅಸಾಮಾನ್ಯ.

ಪ್ರಬಂಧದ ಉಳಿದ ಭಾಗ ಮುಖಗಳನ್ನು ಬರೆಯುವ ಬಗೆಯನ್ನು ಕುರಿತದ್ದು. ಎಷ್ಟೇ ಒಡ್ಡೊಡ್ಡಾಗಿ ಬರೆದರೂ ಮುಖವೆಂದು ಗುರುತಿಸಬಹುದಾದ ಯಾವುದೇ ಗೀಚಿಗೆ ಒಂದು ಭಾವ ಬಂದೇ ಬರುತ್ತದೆ. ಹುಬ್ಬನ್ನೋ ತುಟಿಯನ್ನೋ ಸ್ವಲ್ಪ ಬದಲಿಸಿದರೆ ಆ ಭಾವ ಬದಲಾಗುತ್ತದೆ. ಹೀಗೆ ಗೀಚುತ್ತಾ ಗಮನಿಸುತ್ತಾ ಹೋದರೆ ಅಂಗರಚನೆಯ ಪಾಠವಿಲ್ಲದವನೂ ಪಾತ್ರಗಳನ್ನು ಸೃಷ್ಟಿಸಬಲ್ಲ ಎಂದು ಉದಾಹರಣೆಗಳ ಸಹಿತ ತೋರಿಸುತ್ತಾನೆ. ಕಲಾ ಇತಿಹಾಸಕಾರ ಇ. ಎಚ್. ಗಾಂಬ್ರಿಚ್ 1960ರ ತನ್ನ ಗ್ರಂಥದಲ್ಲಿ ಇದಕ್ಕೆ ಟೋಪ್ಫರ್ ನಿಯಮವೆಂದು ಹೆಸರಿಟ್ಟ ಮೇಲೆ ಈ ಪ್ರಬಂಧಕ್ಕೆ ಹೊಸ ಓದುಗರು ದೊರೆತರು.

ರಾಜಕೀಯ ಮತ್ತು ಕೊನೆಯ ದಿನಗಳು

1841ರಿಂದ ಜಿನೀವಾದಲ್ಲಿ ಪ್ರಜಾಸತ್ತಾತ್ಮಕ ಸುಧಾರಣೆಗಾಗಿ ಚಳವಳಿ ತೀವ್ರವಾಯಿತು. 1842ರಲ್ಲಿ ಹೊಸ ಸಂವಿಧಾನ ಬಂತು. ಟೋಪ್ಫರ್ ಸಂಪ್ರದಾಯವಾದಿಗಳ ಪಕ್ಷದಲ್ಲಿ ನಿಂತು ಪತ್ರಿಕಾ ಬರವಣಿಗೆಯಲ್ಲಿ ತೊಡಗಿದ. 1845ರ ಆಲ್ಬೇರ್‌ನ ಕಥೆ ಎಂಬ ಆಲ್ಬಂ ಈ ಹೋರಾಟದ ಕೂಸು. ಯಾವ ಕಸುಬಿನಲ್ಲಿಯೂ ನೆಲೆ ನಿಲ್ಲದ ಸೋಮಾರಿ ಯುವಕನೊಬ್ಬ ಕೊನೆಗೆ ಕ್ರಾಂತಿಕಾರಿ ಪತ್ರಕರ್ತನಾಗಿ ಯಶಸ್ವಿಯಾಗುವ ಈ ಕಥೆ ತೀವ್ರಗಾಮಿ ನಾಯಕ ಜೇಮ್ಸ್ ಫಾಜ಼ಿಯನ್ನು ಗುರಿಯಾಗಿಸಿಕೊಂಡದ್ದು. ಉಳಿದ ಆಲ್ಬಂಗಳಲ್ಲಿನ ಉಲ್ಲಾಸ ಇದರಲ್ಲಿಲ್ಲ. ಗಂಭೀರ ವಸ್ತುವನ್ನು ಬೇಡಿದ ಗಯಟೆ ಇದನ್ನು ನೋಡಿದ್ದರೆ ಏನೆನ್ನುತ್ತಿದ್ದನೋ.

ಅದೇ ವರ್ಷ ಮೊಸ್ಯೂ ಕ್ರಿಪ್ತೊಗಾಮ್ ಪ್ಯಾರಿಸಿನ ಸಚಿತ್ರ ವಾರಪತ್ರಿಕೆ ಇಲಸ್ತ್ರಾಸ್ಯೋಂನಲ್ಲಿ ಧಾರಾವಾಹಿಯಾಗಿ ಬಂತು. ಪತ್ರಿಕೆಗೆ ಮರದಚ್ಚಿನ ಅಗತ್ಯವಿದ್ದುದರಿಂದ ಶಾಮ್ ಎಂಬ ಕಾವ್ಯನಾಮದ ವ್ಯಂಗ್ಯಚಿತ್ರಕಾರ ಅದನ್ನು ಮರುಚಿತ್ರಿಸಿದ. ಟೋಪ್ಫರನಿಗೆ ಸ್ವತಃ ಆ ಕೆಲಸ ಮಾಡುವ ಶಕ್ತಿ ಉಳಿದಿರಲಿಲ್ಲ. ಕೆಲವು ವರ್ಷಗಳಿಂದ ಕಾಯಿಲೆ ಬೆಳೆಯುತ್ತಿತ್ತು. ಫ್ರಾನ್ಸಿನ ವಿಶಿ ಪಟ್ಟಣದ ಖನಿಜಜಲದ ಚಿಕಿತ್ಸೆಯೂ ಫಲಿಸಲಿಲ್ಲ. 1846ರ ಜೂನ್ 8ರಂದು, ನಲವತ್ತೇಳನೆಯ ವಯಸ್ಸಿನಲ್ಲಿ, ಜಿನೀವಾದಲ್ಲಿ ನಿಧನನಾದ. ಎಂಬತ್ತರ ತಂದೆ ಇನ್ನೂ ಬದುಕಿದ್ದ. ನಾಲ್ಕು ತಿಂಗಳ ಅನಂತರ, ಅಕ್ಟೋಬರಿನಲ್ಲಿ, ಫಾಜ಼ಿಯ ಪಕ್ಷ ಜಿನೀವಾದ ಅಧಿಕಾರವನ್ನು ಹಿಡಿಯಿತು.

ಕಲೆಯನ್ನು ಕುರಿತ ಚಿಂತನೆಗಳ ಸಂಗ್ರಹ 1848ರಲ್ಲಿ ಮರಣೋತ್ತರವಾಗಿ ಹೊರಬಂತು.

ಪ್ರಭಾವ ಮತ್ತು ಮರುಮೌಲ್ಯಮಾಪನ

ಫ್ರಾನ್ಸಿನಲ್ಲಿ ಶಾಮ್ ಮತ್ತು ಗುಸ್ತಾವ್ ದೊರೆ, ಜರ್ಮನಿಯಲ್ಲಿ 1865ರಲ್ಲಿ ಮಾಕ್ಸ್ ಮತ್ತು ಮೋರಿಟ್ಸ್ ಕಥೆಯನ್ನು ಪ್ರಕಟಿಸಿದ ವಿಲ್‌ಹೆಲ್ಮ್ ಬುಷ್ ಟೋಪ್ಫರನ ಅನಂತರದ ಪೀಳಿಗೆಯ ಮುಖ್ಯ ಚಿತ್ರಕಥೆಗಾರರು. ಶತಮಾನದ ಕೊನೆಯಲ್ಲಿ ಅಮೆರಿಕದ ದಿನಪತ್ರಿಕೆಗಳು ಈ ಪ್ರಕಾರವನ್ನು ಲಕ್ಷಾಂತರ ಓದುಗರಿಗೆ ತಲುಪಿಸಿದವು. ಮಾತನ್ನು ಚಿತ್ರದೊಳಗಿನ ಗುಳ್ಳೆಯಲ್ಲಿ ಬರೆಯುವ ರೂಢಿ ಬಲವಾದಂತೆ, ಕೆಳಗೆ ಬರಹವಿದ್ದ ಟೋಪ್ಫರನ ಆಲ್ಬಂಗಳು ಹಳೆಯ ಕಾಲದವೆನಿಸಿ ಮರೆಗೆ ಸರಿದವು. ಗುಳ್ಳೆಯಿಲ್ಲದ್ದು ಕಾಮಿಕ್ಸ್ ಅಲ್ಲವೆಂದು ವಾದಿಸುವವರು 1890ರ ದಶಕದ ಅಮೆರಿಕದ ಯೆಲ್ಲೋ ಕಿಡ್ ಚಿತ್ರಗಳಿಂದ ಇತಿಹಾಸವನ್ನು ಆರಂಭಿಸುತ್ತಾರೆ. ಚಿತ್ರಗಳ ಅನುಕ್ರಮವೇ ಮುಖ್ಯವೆನ್ನುವವರು ಟೋಪ್ಫರನಿಂದ ಆರಂಭಿಸುತ್ತಾರೆ. ಎರಡನೆಯ ವಾದಕ್ಕೆ ಈಗ ಹೆಚ್ಚಿನ ಒಪ್ಪಿಗೆಯಿದೆ.

ಗ್ರಾಫಿಕ್ ಕಾದಂಬರಿ ಎಂಬ ಹೆಸರು 1964ರಲ್ಲಿ ಹುಟ್ಟಿ, 1978ರಲ್ಲಿ ವಿಲ್ ಐಸ್ನರನ ಪುಸ್ತಕದೊಂದಿಗೆ ಬಳಕೆಗೆ ಬಂತು. ಆರ್ಟ್ ಸ್ಪೀಗೆಲ್‌ಮನ್ ಅವರ ಮೌಸ್ ಕೃತಿಗೆ 1992ರಲ್ಲಿ ವಿಶೇಷ ಪುಲಿಟ್ಜರ್ ಪ್ರಶಸ್ತಿ ದೊರೆತಾಗ, ಇಂಥವು ಸಾಹಿತ್ಯವೇ ಎಂಬ ಚರ್ಚೆ ಪುನಃ ಎದ್ದಿತು. ಅದರ ಪರಿಣಾಮವಾಗಿ ಟೋಪ್ಫರನ ಪ್ರಬಂಧದ ಕಡೆಗೆ ವಿದ್ವಾಂಸರ ಗಮನ ಹೊರಳಿತು. ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ಸೈದ್ಧಾಂತಿಕ ಪುಸ್ತಕದಲ್ಲಿ ಆಧುನಿಕ ಕಾಮಿಕ್ಸಿನ ಜನಕನೆಂದು ಈತನನ್ನು ಗುರುತಿಸಿದರು. ಮರುವರ್ಷ ಥಿಯೆರಿ ಗ್ರೋನ್‌ಸ್ಟೀನ್ ಮತ್ತು ಬೆನ್ವಾ ಪೀಟರ್ಸ್ ಫ್ರೆಂಚಿನಲ್ಲಿ ಈತನ ಮೇಲೊಂದು ಗ್ರಂಥ ಪ್ರಕಟಿಸಿದರು. ಚಿತ್ರಕಥೆಯನ್ನು ಸಾಹಿತ್ಯದ ಒಂದು ಶಾಖೆಯೆಂದು ಕರೆಯುವುದರಿಂದ ಅದರ ಸ್ವತಂತ್ರ ಸ್ಥಾನಕ್ಕೆ ಕುಂದು ಬರುತ್ತದೆಂಬ ಆಕ್ಷೇಪವೂ ಈ ಅವಧಿಯಲ್ಲಿ ಕೇಳಿಬಂತು. ಮಿಶ್ರ ಸ್ವಭಾವದ್ದೆಂದು ಟೋಪ್ಫರ್ ಬಳಸಿದ ಮಾತನ್ನು ಎರಡು ಪಕ್ಷದವರೂ ತಮ್ಮ ಪರವಾಗಿ ಉಪಯೋಗಿಸಿಕೊಂಡಿದ್ದಾರೆ.

ಡೇವಿಡ್ ಕುಂಜ಼್ಲ್ 2007ರಲ್ಲಿ ಈತನ ಎಲ್ಲ ಚಿತ್ರಕಥೆಗಳನ್ನೂ ಇಂಗ್ಲಿಷಿಗೆ ಅನುವಾದಿಸಿ ಒಂದೇ ಸಂಪುಟದಲ್ಲಿ ತಂದರು. ಜೊತೆಗೆ ಈತನನ್ನು ಕುರಿತ ಅಧ್ಯಯನವನ್ನೂ ಪ್ರಕಟಿಸಿದರು. ಜಿನೀವಾದಲ್ಲಿ ಟೋಪ್ಫರನ ಹೆಸರಿನ ಬೀದಿಯೊಂದಿದೆ; ಶಿಲ್ಪಿಯಾಗಿದ್ದ ಮಗ ಚಾರ್ಲ್ಸ್ ರಚಿಸಿದ ಎದೆಮಟ್ಟದ ಪ್ರತಿಮೆಯೂ ಇದೆ. ಚಿತ್ರಕ್ಕಾಗಿ ಜಿನೀವಾ ನೀಡುವ ಕಾಮಿಕ್ಸ್ ಪ್ರಶಸ್ತಿಗೂ ಈತನ ಹೆಸರನ್ನೇ ಇಡಲಾಗಿದೆ.